ಅಗೆದ ಲಾಭ, ಹೊಲಿದ ಲಾಭ

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ 12 ಮಷೀನ್ ಹಾಕಿಕೊಂಡು ಜೀನ್ಸ್ ಹೊಲಿಗೆಯ ಜಾಬ್‌ವರ್ಕ್ ಮಾಡುತ್ತೇನೆ. ಮೂವರು ವ್ಯಾಪಾರಿಗಳ ಮಾಲು. ತಿಂಗಳಿಗೆ ಸುಮಾರು 3,000 ಪ್ಯಾಂಟು, ಒಂದಕ್ಕೆ 70 ರೂಪಾಯಿ. ಕೆಲಸಕ್ಕೆ ಬರವಿಲ್ಲ, ದುಡ್ಡು ಮಾತ್ರ ಕೈಗೆ ಬರುವುದು ನಾಲ್ಕು ತಿಂಗಳಿಗೆ. ವಾರದ ಬಟವಾಡೆಗೆಂದು ನೂರಕ್ಕೆ ಎರಡರಂತೆ 4 ಲಕ್ಷ ಕೈಸಾಲ ತಂದು ತಿರುಗಿಸುತ್ತಿದ್ದೇನೆ. ಈಗ ಬ್ಯಾಂಕಿನವರು 18 ಲಕ್ಷ ಕೊಡಲು ಒಪ್ಪಿದ್ದಾರೆ, ಮನೆಯ ಪತ್ರ ಕೇಳಿದ್ದಾರೆ. ಮಷೀನ್ ದುಪ್ಪಟ್ಟು ಮಾಡಬೇಕೆಂಬುದು ನನ್ನ ವಿಚಾರ. ಸಂಡೂರಿನ ನನ್ನ ಭಾವಮೈದ, 'ಹೊಲಿಗೆ ಬಿಟ್ಟು ಟಿಪ್ಪರ್ ತಗೋ, ಅದಿರು ಮತ್ತೆ ಎದ್ದಿದೆ. ಸರ್ಕಾರ, ಕೋರ್ಟು ಕೈ ಹಾಕದಿದ್ದರೆ ಬಳ್ಳಾರಿ ಇಷ್ಟೊತ್ತಿಗೆ ದುಬೈ ಆಗಿರುತ್ತಿತ್ತು' ಅನ್ನುತ್ತಾನೆ. ಬಿ.ಎ. ಓದುತ್ತಿರುವ ಮಗಳು, 'ಬಂಡವಾಳಶಾಹಿ ಅಂದರೇ ಸುಲಿಗೆ. ವ್ಯಾಪಾರಿ ನಿನ್ನನ್ನ ಸುಲೀತಾನೆ, ನೀನು ಹೊಲಿಯೋರನ್ನ ಸುಲೀತೀಯ' ಅನ್ನುತ್ತಾಳೆ. ಓಣಿಯ ಹಿರಿಯರು, ನಮ್ಮ ಕಡೆಯವರಿಗೆ ಉದ್ಯಮದ ಗುಣವೇ ಇಲ್ಲ, ಅದು ಗುಜರಾತಿನವರಿಗೆ, ತಿರುಪ್ಪೂರಿನವರಿಗೆ ಒಲಿದದ್ದು ಅನ್ನುತ್ತಾರೆ. ಮೂವರಲ್ಲಿ ಯಾರದು ನಿಜ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಂಡವಾಳಶಾಹಿ ಯಾವಾಗ ಗೆಲ್ಲುತ್ತದೆ, ಯಾವಾಗ ಸೋಲುತ್ತದೆ ಎಂಬುದು ಒಂದು. 18 ಲಕ್ಷ ಸಾಲವನ್ನು ಎಲ್ಲಿ ಹಾಕಬೇಕು ಎಂಬುದು ಇನ್ನೊಂದು. ಎರಡನ್ನೂ ಬಿಡಿಸುವ ಎಳೆ ಒಂದೇ: ಲಾಭ ಹುಟ್ಟಿದ್ದು ಎಲ್ಲಿಂದ? ಹೊಸದಾಗಿ ಏನನ್ನಾದರೂ ಮಾಡಿದ್ದರಿಂದ ಬಂತೇ, ಅಥವಾ ಇನ್ನೊಬ್ಬರಿಗೆ ಸಿಗದ ಜಾಗ, ಪರವಾನಗಿ, ಸಾಲದ ಹಿಡಿತ ಕೈಯಲ್ಲಿದ್ದುದರಿಂದ ಬಂತೇ? ಈ ಎರಡು ಬಗೆಯ ಲಾಭವನ್ನೂ ಅಕ್ಕಪಕ್ಕದಲ್ಲೇ ಕಂಡ ಜಿಲ್ಲೆ ನಿಮ್ಮದು. ಗುಡ್ಡದಲ್ಲಿ ಅದಿರು, ಊರೊಳಗೆ ಜೀನ್ಸ್.

ಮೊದಲು ಅದಿರಿನ ಲೆಕ್ಕ. 2003ರ ಆಸುಪಾಸಿನಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳ ಬೇಡಿಕೆ ಏರಿ, ಕೆಲವೇ ವರ್ಷಗಳಲ್ಲಿ ಅದಿರಿನ ಬೆಲೆ ಹಲವು ಪಟ್ಟಾಯಿತು. ಅದೇ ಹೊತ್ತಿನಲ್ಲಿ ನೆಲದ ಒಡೆಯನಾದ ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಟನ್ನಿಗೆ 30 ರೂಪಾಯಿಗೂ ಕಡಿಮೆ. ಮಾಲು ಸಾವಿರಾರು ರೂಪಾಯಿಗೆ ಹೋದರೂ ರಾಜಧನ ಅಷ್ಟೇ, ಏಕೆಂದರೆ ಅದನ್ನು ತೂಕಕ್ಕೆ ಕಟ್ಟಲಾಗಿತ್ತು, ಬೆಲೆಗೆ ಕಟ್ಟಿರಲಿಲ್ಲ. 2009ರ ಆಗಸ್ಟ್‌ನಲ್ಲಿ ಅದನ್ನು ಬೆಲೆಯ ಶೇ 10ಕ್ಕೆ, 2014ರಲ್ಲಿ ಶೇ 15ಕ್ಕೆ ಬದಲಿಸಿದರು. 2014ರ ಹೊತ್ತಿಗೆ ದೊಡ್ಡ ಏರಿಕೆ ಮುಗಿದಿತ್ತು.

ನಡುವಿನ ಅಂತರ ಯಾರ ಕೈ ಸೇರಿತು ಎಂಬುದೇ ಬಳ್ಳಾರಿಯ ಆ ವರ್ಷಗಳ ಕತೆ. ಆ ಹಣ ಯಾರ ಜಾಣ್ಮೆಯ ಫಲವೂ ಆಗಿರಲಿಲ್ಲ. ಗುತ್ತಿಗೆ ಯಾರ ಹೆಸರಿನಲ್ಲಿತ್ತೋ ಅವರಿಗೆ ಬಂತು. 1817ರಲ್ಲೇ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇಂಥ ಗಳಿಕೆಯನ್ನು ಲಾಭದಿಂದ ಬೇರ್ಪಡಿಸಿ 'ಗೇಣಿ' ಎಂದು ಗುರುತಿಸಿದ್ದ. ಫಲವತ್ತಾದ ನೆಲದ ಒಡೆಯ ಕೂತಲ್ಲಿಯೇ ಪಡೆಯುವ ಹೆಚ್ಚುವರಿ ಅದು. ಗೇಣಿ ದೊಡ್ಡದಾದ ಕಡೆ ಎಲ್ಲರ ಬುದ್ಧಿಯೂ ಒಂದೇ ದಿಕ್ಕಿಗೆ ಓಡುತ್ತದೆ. ಒಳ್ಳೆಯ ಮಾಲು ತಯಾರಿಸುವುದಕ್ಕಿಂತ ಗಡಿಕಲ್ಲು ಸರಿಸುವುದು, ಪರ್ಮಿಟ್ ಹಿಡಿಯುವುದು, ಕಚೇರಿಯಲ್ಲಿ ಕೈ ಇಟ್ಟುಕೊಳ್ಳುವುದು ಹೆಚ್ಚು ಆದಾಯ ತರುತ್ತದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ವರದಿ ದಾಖಲಿಸಿದ್ದು ಇದನ್ನೇ. ಆ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರಲ್ಲಿ ಸಿ ವರ್ಗದ 51 ಗುತ್ತಿಗೆಗಳನ್ನು ರದ್ದು ಮಾಡಿತು.

ನಿಮ್ಮ ಭಾವಮೈದನ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಕೋರ್ಟು ಬಂದದ್ದರಿಂದ ಮಾರುಕಟ್ಟೆ ಕೆಡಲಿಲ್ಲ. ಮಾರುಕಟ್ಟೆಯ ಗಡಿಕಲ್ಲೇ ಉಳಿಯದಿದ್ದಾಗ ಕೋರ್ಟು ಬರಬೇಕಾಯಿತು. ಆದರೆ ಅವರ ಸಿಟ್ಟಿನಲ್ಲಿ ಒಂದು ನ್ಯಾಯವಿದೆ, ಅದನ್ನು ತಳ್ಳಿಹಾಕಬಾರದು. ಹೆಚ್ಚು ಗಳಿಸಿದವರು ಸಾಲದಿಂದ ನೆಲಕಚ್ಚಲಿಲ್ಲ. ಏರಿಕೆಯ ಕೊನೆಯಲ್ಲಿ ಸಾಲ ಮಾಡಿ ಲಾರಿ ಕೊಂಡವರು ನೆಲಕಚ್ಚಿದರು. ರಾತ್ರೋರಾತ್ರಿ ಬಾಡಿಗೆ ನಿಂತರೂ ಕಂತು ನಿಲ್ಲಲಿಲ್ಲ. ಗೇಣಿಯ ಆರ್ಥಿಕತೆ ಮುರಿದು ಬಿದ್ದಾಗ ತಳದಲ್ಲಿರುವವನ ಮೇಲೇ ಭಾರ ಬೀಳುತ್ತದೆ.

'ಸರ್ಕಾರ ದೂರ ಇರಲಿ' ಎಂಬ ವಾದಕ್ಕೆ ನಿಮ್ಮ ನೆರೆಯಲ್ಲೇ ಇನ್ನೊಂದು ಉತ್ತರವಿದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳೆಲ್ಲ ಖಾಸಗಿ ಬಂಡವಾಳದವು, ಯಾವ ಇಲಾಖೆಯೂ ಅವನ್ನು ಕಟ್ಟಲಿಲ್ಲ. ಆದರೆ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು 1945ರಲ್ಲಿ ಜಂಟಿಯಾಗಿ ಶುರು ಮಾಡಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಇಲ್ಲದಿದ್ದರೆ ಅಲ್ಲಿ ಗಿರಣಿ ಹಾಕುವಷ್ಟು ಭತ್ತವೇ ಬೆಳೆಯುತ್ತಿರಲಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಗಿರಣಿ ಮಾಲೀಕರೂ ರೈತರಷ್ಟೇ ಗಾಬರಿಯಾದರು. ಕಾಲುವೆಯ ಬಾಯಲ್ಲಿರುವವರು ಹೆಚ್ಚು ನೀರೆಳೆದರೆ ಕೊನೆಯ ಭಾಗದ ಮಾನ್ವಿ, ರಾಯಚೂರಿನ ಹೊಲ ಒಣಗುತ್ತದೆ. ಅದನ್ನು ಯಾವ ಬೆಲೆಯೂ ತಾನಾಗಿ ಸರಿಮಾಡುವುದಿಲ್ಲ, ಪಾಳಿ ನಿಗದಿ ಮಾಡಿ ಕಾಯುವವರು ಬೇಕು.

ಸರ್ಕಾರ ಇದ್ದರೆ ಸಾಕು ಎಂದೂ ಅಲ್ಲ. ಎಪಿಎಂಸಿ ಇದೆ, ಹರಾಜಿದೆ, ತೂಕದ ಕಟ್ಟೆಯಿದೆ. ಆದರೂ ಬಿತ್ತನೆಗೆ ಮುಂಚೆ ಅಡತಿ ಅಂಗಡಿಯಲ್ಲಿ ಗೊಬ್ಬರಕ್ಕೆ, ಔಷಧಕ್ಕೆ ಸಾಲ ತಂದ ರೈತ ಸುಗ್ಗಿಯಲ್ಲಿ 75 ಕಿಲೋದ ಚೀಲವನ್ನು ಅದೇ ಅಂಗಡಿಗೆ ಇಳಿಸಬೇಕು. ನಾಲ್ಕು ಜನ ಬೆಲೆ ಕೂಗಿದರೂ ಅವನು ಮಾರಬೇಕಾದದ್ದು ಒಬ್ಬನಿಗೇ. ನೋಟಕ್ಕೆ ಮಾರುಕಟ್ಟೆ, ಒಳಗೆ ಸಾಲದ ಹಿಡಿತ. ಇದನ್ನು ನೆನಪಿಡಿ, ನಿಮ್ಮ ನಾಲ್ಕು ತಿಂಗಳ ಉದ್ರಿಯೂ ಇದೇ ಜಾತಿಯದು.

ಈಗ ಜೀನ್ಸ್. ಬಳ್ಳಾರಿಯ ಜೀನ್ಸ್ ಉದ್ಯಮವನ್ನು ಬೆಳೆಸಿದ್ದು ಗುತ್ತಿಗೆಯಲ್ಲ, ಕೆಲಸದ ಹಂಚಿಕೆ. ಒಂದು ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಕಟಿಂಗ್ ಒಂದು ಕಡೆ, ಜೇಬು, ಜಿಪ್ಪು, ಹಿಂಬದಿಯ ಯೋಕ್ ಇನ್ನೊಂದು ಮಷೀನಿನಲ್ಲಿ, ಒಳಕಾಲಿನ ಜೋಡುಹೊಲಿಗೆ ಫೀಡ್ ಆಫ್ ಆರ್ಮ್‌ನಲ್ಲಿ, ಬೆಲ್ಟು, ಲೂಪು, ಕಾಜಾ (ಗುಂಡಿಯ ತೂತು), ಎಳೆತ ಬೀಳುವ ಕಡೆ ಬಿಗಿಯಾಗಿ ಹಾಕುವ ಬಾರ್‌ಟ್ಯಾಕ್ ಬೇರೆ ಬೇರೆ ಕೈಯಲ್ಲಿ, ಆಮೇಲೆ ವಾಷಿಂಗ್, ಕೊನೆಗೆ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಂದ ದಾರ ಕತ್ತರಿಸುವ ಕೆಲಸ. 1776ರಲ್ಲಿ ಆಡಂ ಸ್ಮಿತ್ ಗುಂಡುಸೂಜಿ ಕಾರ್ಖಾನೆಯೊಂದನ್ನು ಉದಾಹರಿಸಿ, ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ ತಯಾರಿಸಬಹುದು, ಒಬ್ಬೊಬ್ಬರೇ ಮಾಡಿದರೆ ಇಪ್ಪತ್ತೂ ಆಗಲಿಕ್ಕಿಲ್ಲ ಎಂದು ತೋರಿಸಿದ. ಕೌಲ್ ಬಜಾರ್ ಅದೇ ಪಾಠವನ್ನು ಒಂದು ಸೂರಿನ ಕೆಳಗಲ್ಲ, ಓಣಿಗಳ ಉದ್ದಕ್ಕೂ ಹರಡಿಕೊಂಡು ಮಾಡಿದೆ. ಇದು ನಿಜವಾದ ಸಾಧನೆ. ಹಿರಿಯರ 'ಉದ್ಯಮದ ಗುಣವಿಲ್ಲ' ಎಂಬ ಮಾತನ್ನು ಅದೇ ಓಣಿ ದಿನವೂ ಸುಳ್ಳು ಮಾಡುತ್ತಿದೆ.

ಹಿರಿಯರ ಮಾತಿಗೂ ಶಾಸ್ತ್ರದ ಆಧಾರವಿದೆ. 1905ರ ಹೊತ್ತಿಗೆ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಯುರೋಪಿನ ಪ್ರಾಟೆಸ್ಟಂಟ್ ಪಂಥಗಳ ದುಡಿಮೆ ಮತ್ತು ಮಿತವ್ಯಯ ಬಂಡವಾಳಶಾಹಿಗೆ ಹದ ಕೊಟ್ಟವು ಎಂದು ವಾದಿಸಿದ. ದುಡಿಮೆಯನ್ನೇ ಪೂಜೆ ಎನ್ನುವುದರಿಂದ ಉದ್ಯಮ ಹುಟ್ಟುವುದಾದರೆ, 12ನೇ ಶತಮಾನದಲ್ಲೇ ಕಾಯಕವನ್ನು ಕೈಲಾಸವೆಂದ ನಾಡು ಯಾರಿಗಿಂತಲೂ ಮುಂದಿರಬೇಕಿತ್ತು. ಗುಣವಿದ್ದರೆ ಸಾಲದು, ಗಳಿಸಿದ್ದು ಕೈಯಲ್ಲಿ ಉಳಿಯುತ್ತದೆಂಬ ಭರವಸೆಯೂ ಬೇಕು. 2024ರ ಅರ್ಥಶಾಸ್ತ್ರ ನೊಬೆಲ್ ಪಡೆದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಒತ್ತಿ ಹೇಳುವುದು ಇದನ್ನೇ: ವ್ಯವಸ್ಥೆ ಹಲವರನ್ನು ಒಳಗೆ ಬಿಡುತ್ತದೋ, ಕೆಲವರಿಗೆ ಹಿಂಡಿಕೊಡುತ್ತದೋ ಎಂಬುದು ಮುಖ್ಯ. ತುಂಗಭದ್ರೆಯ ಎರಡು ದಡಗಳನ್ನು ನೋಡಿ. ಬಳ್ಳಾರಿ ಕಡೆ 1800ರಿಂದ ಬ್ರಿಟಿಷ್ ಕಲೆಕ್ಟರ್ ಥಾಮಸ್ ಮನ್ರೋ ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿ ತಂದ. ಆಚೆಯ ಕೊಪ್ಪಳ ನಿಜಾಮನ ಆಳ್ವಿಕೆಯಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೊಳೆ ಒಂದೇ, ಭಾಷೆ ಒಂದೇ, ಹೊಲದ ಹಕ್ಕು ಮಾತ್ರ ಬೇರೆ. ಇಂದಿನ ಎಲ್ಲ ಅಂತರಕ್ಕೂ ಇದೇ ಕಾರಣವೆಂದು ಹೇಳಲಾಗದು. ಜನರ ಗುಣದ ಮೇಲೆ ದೂರು ಹೊರಿಸುವ ಮುನ್ನ ನೋಡಬೇಕಾದದ್ದು ಇಂಥವನ್ನು.

ಹಾಗಾದರೆ ಜೀನ್ಸ್ ಏಕೆ ಸಣ್ಣದಾಗಿಯೇ ಉಳಿಯಿತು? 1942ರಲ್ಲಿ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಹೇಳಿದಂತೆ ಹೊಸತನ್ನು ತಂದವನ ಲಾಭ ತಾತ್ಕಾಲಿಕ. ಇತರರು ನಕಲು ಮಾಡುತ್ತಾರೆ, ಲಾಭ ಕರಗುತ್ತದೆ, ಆಗ ಅವನು ಮತ್ತೊಂದು ಹೊಸತಿಗೆ ಹೋಗಬೇಕು. ಹಳೆಯದು ಮುರಿಯುತ್ತಲೇ ಹೊಸದು ಕಟ್ಟಿಕೊಳ್ಳುತ್ತದೆ. 2025ರ ನೊಬೆಲ್ ಪಡೆದ ಅಘಿಯಾನ್ ಮತ್ತು ಹೋವಿಟ್ ಈ ವಿಚಾರಕ್ಕೇ ಗಣಿತದ ರೂಪ ಕೊಟ್ಟವರು. ನಿಮ್ಮ ಓಣಿಯಲ್ಲಿ ನಕಲಿನ ಹಂತದವರೆಗೆ ಎಲ್ಲವೂ ಸರಿಯಾಗಿ ನಡೆದಿದೆ, ಮುಂದಿನ ಹೆಜ್ಜೆ ನಿಂತಿದೆ. ಹೊಸ ಮಷೀನಿಗೆ, ಹೊಸ ಡಿಸೈನಿಗೆ, ಸ್ವಂತ ಲೇಬಲ್ಲಿಗೆ ಹೋಗಬೇಕಾದ ದುಡ್ಡು ವ್ಯಾಪಾರಿಯ ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಜೊತೆಗೆ ವಾಷಿಂಗ್ ಘಟಕದ ನೀಲಿ ನೀರನ್ನು ಶುದ್ಧಿ ಮಾಡದೆ ಚರಂಡಿಗೆ ಬಿಟ್ಟಷ್ಟು ದಿನ ಪ್ಯಾಂಟು ಅಗ್ಗ. ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕಿದ ದಿನ ಇಡೀ ಸರಪಳಿ ನಿಲ್ಲುತ್ತದೆ. ವೆಚ್ಚವನ್ನು ಪಕ್ಕದವರ ಮೇಲೆ ಹಾಕಿ ಗಳಿಸಿದ್ದೂ ಒಂದು ಬಗೆಯ ಗೇಣಿಯೇ, ಅದಕ್ಕೂ ಬಾಳಿಕೆಯಿಲ್ಲ.

ಮಗಳ ಮಾತಿಗೆ ಬರೋಣ. ಮಾರ್ಕ್ಸ್ 1867ರಲ್ಲಿ ಹೇಳಿದ್ದರಲ್ಲಿ ಒಂದು ಭಾಗ ನಿಮ್ಮ ಅಂಗಳದಲ್ಲೇ ಕಾಣುತ್ತದೆ. ಕಾಯಲಾಗದವನು ಯಾವಾಗಲೂ ಕಡಿಮೆಗೆ ಒಪ್ಪುತ್ತಾನೆ. ಶನಿವಾರ ಬಟವಾಡೆ ಆಗಲೇಬೇಕಾದ ನೀವು ವ್ಯಾಪಾರಿಯೆದುರು ಒಪ್ಪುತ್ತೀರಿ, ಸೋಮವಾರ ಅಡುಗೆ ಆಗಲೇಬೇಕಾದ ಹೊಲಿಗೆಯಾಕೆ ನಿಮ್ಮೆದುರು ಒಪ್ಪುತ್ತಾಳೆ. ಮಗಳು ಹೇಳುವುದು ಸುಳ್ಳಲ್ಲ. ಆದರೆ ಅದು ಬದಲಾಗದ ವಿಧಿ ಎಂಬುದು ನಿಜವಲ್ಲ. ಕೆಲಸದ ಅವಧಿಯ ಕಾಯ್ದೆ, ಸಂಘ, ವಿಮೆ, ಓದು, ಇನ್ನೊಂದು ಕಡೆ ಕೆಲಸ ಸಿಗುವ ಸಾಧ್ಯತೆ ಇವು ಬಂದ ದೇಶಗಳಲ್ಲಿ ಕೂಲಿ ಏರಿದೆ, ಬಂಡವಾಳವೂ ಉಳಿದಿದೆ. 1936ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ತೋರಿಸಿದ ಹಾಗೆ ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ. 2016ರ ನವೆಂಬರ್‌ನಲ್ಲಿ ಚಲಾವಣೆಯ ಮೌಲ್ಯದ ಶೇ 86ರಷ್ಟು ನೋಟು ಒಮ್ಮೆಲೇ ರದ್ದಾದಾಗ, ಕೈಯಿಂದ ಕೈಗೆ ನಗದಿನಲ್ಲೇ ನಡೆಯುವ ನಿಮ್ಮಂಥ ಸರಪಳಿಗೆ ಯಾಕೆ ಅಷ್ಟು ಪೆಟ್ಟು ಬಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ನಿಮ್ಮ 18 ಲಕ್ಷ. ಪೆನ್ನು ಹಿಡಿದು ಕೂತುಕೊಳ್ಳಿ.

ತಿಂಗಳ ಬಿಲ್ಲು 2,10,000. ನಾಲ್ಕು ತಿಂಗಳ ಉದ್ರಿ ಎಂದರೆ ಯಾವಾಗಲೂ 8,40,000 ಹೊರಗಿದೆ. ಕೂಲಿ, ದಾರ, ಕರೆಂಟು, ಬಾಡಿಗೆ ಸೇರಿ ಬಿಲ್ಲಿನ ಮುಕ್ಕಾಲು ಭಾಗ ಖರ್ಚು ಎಂದು ಹಿಡಿಯೋಣ. ಆಗ ನಿಮ್ಮ ಗಂಟಿನಿಂದ ಹೋಗಿರುವುದು 6,30,000. ಅದರಲ್ಲಿ 4 ಲಕ್ಷ ಕೈಸಾಲ, ಉಳಿದ 2,30,000 ನಿಮ್ಮದು. ತಿಂಗಳಿಗೆ ಉಳಿಯಬೇಕಾದ 52,500ರಲ್ಲಿ 8,000 ಬಡ್ಡಿಗೆ ಹೋಗುತ್ತದೆ. ಪ್ಯಾಂಟೊಂದಕ್ಕೆ 2 ರೂಪಾಯಿ 67 ಪೈಸೆ.

ಮಷೀನ್ ದುಪ್ಪಟ್ಟು ಮಾಡಿದಿರಿ ಎನ್ನಿ. ಶೇ 11ರ ಬಡ್ಡಿ, 5 ವರ್ಷದ ಅವಧಿಯಾದರೆ 18 ಲಕ್ಷಕ್ಕೆ ಕಂತು ಸುಮಾರು 39,100. ಹೆಚ್ಚುವರಿ ಲಾಭ 52,500. ಕಾಗದದ ಮೇಲೆ 13,400 ಉಳಿಯಿತು. ಆದರೆ ಹೊಸ ಮಾಲಿಗೂ ನಾಲ್ಕು ತಿಂಗಳ ಉದ್ರಿ. ಅಂದರೆ ಇನ್ನೂ 6,30,000 ಹೊಂದಿಸಬೇಕು. ಅದೂ ನೂರಕ್ಕೆ ಎರಡರ ಕೈಸಾಲವಾದರೆ ತಿಂಗಳಿಗೆ 12,600. ಕೊನೆಗೆ ಕೈಯಲ್ಲಿ ಉಳಿಯುವುದು 800 ರೂಪಾಯಿ, ಅಡಮಾನಕ್ಕೆ ಹೋಗಿರುವುದು ಮನೆ. ಸಣ್ಣ ಘಟಕಗಳು ಕೆಲಸವಿಲ್ಲದೆ ಮಾತ್ರವಲ್ಲ, ಕೆಲಸ ಹೆಚ್ಚಾಗಿಯೂ ಮುಚ್ಚುತ್ತವೆ. ಕಾರಣ ಈ ಲೆಕ್ಕ.

ಅದೇ ಉದ್ರಿ 45 ದಿನಕ್ಕೆ ಇಳಿದರೆ? ಹೊರಗಿರುವ ಬಿಲ್ಲು 3,15,000, ಅದರಲ್ಲಿ ನಿಮ್ಮ ಖರ್ಚು ಸುಮಾರು 2,36,000. ನಿಮ್ಮ ಸ್ವಂತ ದುಡ್ಡೇ ಹೆಚ್ಚುಕಡಿಮೆ ಸಾಕು. ಒಂದು ಮಷೀನೂ ಹೆಚ್ಚಿಸದೆ ಕೈಸಾಲ ತೀರುತ್ತದೆ. ಹಾಗಾಗಿ ಮೊದಲ ಕೆಲಸ ಇದು, ಮಷೀನು ಆಮೇಲೆ.

ದಾರಿ ಹೀಗಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಯೆಂದು ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಇಲ್ಲದಿದ್ದರೆ ಇವತ್ತೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ನೋಂದಣಿಗೆ ಮುಂಚಿನ ಬಿಲ್ಲುಗಳ ಮೇಲೆ ತಕರಾರು ಬರುತ್ತದೆ, ಅದಕ್ಕೇ ತಡ ಮಾಡಬೇಡಿ. ಪ್ರತಿ ಲಾಟಿಗೂ ಚಲನ್, ಬಿಲ್ಲು, ಅದರ ಮೇಲೆ ಉದ್ಯಮ್ ಸಂಖ್ಯೆ, ಮಾಲು ತಲುಪಿದ್ದಕ್ಕೆ ಸಹಿ ಇರಲಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರನ್ನು ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬಹುದು. ಆ ದೂರಿನ ಮೇಲೆ ಬಂದ ಆದೇಶದ ವಿರುದ್ಧ ಹೋಗುವ ಖರೀದಿದಾರ ಮೊದಲು ಶೇ 75 ಮೊತ್ತ ಠೇವಣಿ ಇಡಬೇಕು.

ಆದರೆ ದೂರು ಹಾಕಿದ ಮರುದಿನ ಆ ವ್ಯಾಪಾರಿಯ ಮಾಲು ನಿಮಗೆ ಬರುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೂರಿಗಿಂತ ಮೆತ್ತಗಿನ ಹತ್ಯಾರವೊಂದಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ 45 ದಿನದೊಳಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕೊಡದ ಹಣವನ್ನು ಖರೀದಿದಾರ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಪೂರ್ತಿ ಲೆಕ್ಕಪುಸ್ತಕ ಇಡುವ ವ್ಯಾಪಾರಿಗೆ ಇದು ನೇರವಾಗಿ ತಾಗುತ್ತದೆ, ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವವನಿಗೆ ತಾಗುವುದಿಲ್ಲ. ನಿಮ್ಮ ಮೂವರಲ್ಲಿ ಯಾರು ಯಾವ ಬಗೆಯವರೆಂದು ತಿಳಿದುಕೊಂಡು, ಮೊದಲ ಬಗೆಯವರ ಜೊತೆ ಮಾತು ಶುರು ಮಾಡಿ. 45 ದಿನಕ್ಕೆ ಕೊಟ್ಟರೆ ಪ್ಯಾಂಟಿಗೆ ಒಂದು ರೂಪಾಯಿ ಬಿಟ್ಟುಕೊಡಲೂ ಸಿದ್ಧರಿರಿ. 2 ರೂಪಾಯಿ 67 ಪೈಸೆ ಬಡ್ಡಿ ಕಟ್ಟುವವರಿಗೆ ಅದು ನಷ್ಟವಲ್ಲ.

ಬ್ಯಾಂಕಿನ ಬಳಿ 18 ಲಕ್ಷದ ಬದಲು ಎರಡು ಸಣ್ಣ ಸಾಲ ಕೇಳಿ. ಒಂದು, 4 ಲಕ್ಷದ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ಬಳಸಿದಷ್ಟಕ್ಕೇ ಬಡ್ಡಿ ಕಟ್ಟುವ ಸಾಲ), ಕೈಸಾಲ ತೀರಿಸಲು. ಅದೇ ಶೇ 11ರ ಲೆಕ್ಕದಲ್ಲಿ ತಿಂಗಳಿಗೆ 8,000ದ ಬಡ್ಡಿ ಸುಮಾರು 3,670ಕ್ಕೆ ಇಳಿಯುತ್ತದೆ. ಇನ್ನೊಂದು, ಕೆಲಸ ಎಲ್ಲಿ ಸಿಕ್ಕಿ ನಿಲ್ಲುತ್ತದೋ ಆ ಒಂದೆರಡು ಮಷೀನಿಗಷ್ಟೇ. ಬಾರ್‌ಟ್ಯಾಕ್‌ಗೋ ಕಾಜಾಕ್ಕೋ ಹೊರಗೆ ಕಳಿಸಿ ಎರಡು ದಿನ ಕಾಯುತ್ತಿದ್ದರೆ ಸಾದಾ ಮಷೀನ್ ಹನ್ನೆರಡು ತಂದರೂ ಮಾಲು ಬೇಗ ಹೊರಬೀಳದು. ಮನೆ ಪತ್ರದ ಬದಲು, ಅಡಮಾನವಿಲ್ಲದ ಸಣ್ಣ ಉದ್ದಿಮೆ ಸಾಲಕ್ಕೆ ಬ್ಯಾಂಕಿಗೆ ಭರವಸೆ ನೀಡುವ ಸಿಜಿಟಿಎಂಎಸ್‌ಇ ನಿಧಿಯ ಖಾತರಿಯಡಿ ಕೊಡಲು ಲಿಖಿತವಾಗಿ ಕೇಳಿ. ಒಂದು ತಪ್ಪು ತಿಳಿವಳಿಕೆ ಬೇಡ: ಆ ಖಾತರಿ ಬ್ಯಾಂಕಿನ ನಷ್ಟಕ್ಕೆ, ನಿಮ್ಮ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ಸಣ್ಣ ಉದ್ಯಮಗಳಿಗೆ ಕೊಡುವ ಮುದ್ರಾ ಸಾಲದ ಮಿತಿ 2024ರಲ್ಲಿ 20 ಲಕ್ಷಕ್ಕೆ ಏರಿದೆ. 10 ಲಕ್ಷದ ಮೇಲಿನದು ಹಿಂದೆ ಅದರ 'ತರುಣ್' ವರ್ಗದ (5ರಿಂದ 10 ಲಕ್ಷದ) ಸಾಲ ತೀರಿಸಿದವರಿಗಷ್ಟೇ.

ಟಿಪ್ಪರ್ ಬೇಡವೇ ಬೇಡ ಎನ್ನುವುದಿಲ್ಲ. ಅದಿರು ಎದ್ದಿರುವುದು ನಿಜ. ಸುಪ್ರೀಂ ಕೋರ್ಟ್ 2022ರಲ್ಲಿ ಬಳ್ಳಾರಿ ಭಾಗದ ವಾರ್ಷಿಕ ಮಿತಿಯನ್ನು 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಿತು. ಆದರೆ ಆ ಏರಿಕೆಯ ಗಳಿಕೆ ಗುತ್ತಿಗೆದಾರನದು, ಲಾರಿಯವನದು ಬಾಡಿಗೆ ಮಾತ್ರ. ಸಂಡೂರಿನ ಗಣಿಗಳಿಂದ ಈಗ ಪೈಪ್ ಕನ್ವೇಯರಿನಲ್ಲೂ ಅದಿರು ಹೋಗುತ್ತದೆ. ಅದು ಹೆಚ್ಚಾದಷ್ಟೂ ಟ್ರಿಪ್ಪು ಕಡಿಮೆ. ಕೊಳ್ಳುವುದಾದರೆ ಕನಿಷ್ಠ ಒಂದು ವರ್ಷದ ಲಿಖಿತ ಸಾಗಣೆ ಒಪ್ಪಂದ, ಡೀಸೆಲ್ ಏರಿದರೆ ಬಾಡಿಗೆ ಏರುವ ಷರತ್ತು, ಆರು ಕಂತಿನಷ್ಟು ಹಣ ಪ್ರತ್ಯೇಕವಾಗಿ, ಈ ಮೂರೂ ಕೈಯಲ್ಲಿರಬೇಕು. ಯಾವುದಾದರೂ ಒಂದು ಇಲ್ಲದಿದ್ದರೆ 2011ರಲ್ಲಿ ಕೊನೆಗೆ ಕೊಂಡವರ ಜಾಗದಲ್ಲೇ ನೀವೂ ನಿಲ್ಲುತ್ತೀರಿ.

ಮಗಳಿಗೆ ಕೊಡಬೇಕಾದ ಉತ್ತರ ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಘಟಕಕ್ಕೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಅನ್ವಯವಾಗುತ್ತದೆ. ಮಾಲೀಕರ ಪಾಲು ಕೂಲಿಯ ಶೇ 3.25, ಕೆಲಸಗಾರರದು ಶೇ 0.75. ತಿಂಗಳ ಕೂಲಿ 1,20,000 ಎಂದುಕೊಂಡರೆ ನಿಮ್ಮ ಪಾಲು 3,900, ಪ್ಯಾಂಟೊಂದಕ್ಕೆ 1 ರೂಪಾಯಿ 30 ಪೈಸೆ. 'ಅಷ್ಟು ಎಲ್ಲಿಂದ ತರಲಿ' ಎಂದು ನಿಮಗೆ ಅನ್ನಿಸಬಹುದು. ಕ್ಯಾಶ್ ಕ್ರೆಡಿಟ್ ಸಿಕ್ಕ ತಿಂಗಳು ಬಡ್ಡಿಯಲ್ಲಿ ಉಳಿಯುವ 4,330ರಲ್ಲೇ ಅದು ಬರುತ್ತದೆ.